ಹದಿನೈದು ಮುಳ್ಳಿನ ಮೀನು

ಹೋಟಗಿ
೫ ಅಕ್ಟೋಬರ್ ೨೦೨೫

ಧನರಾಜಣ್ಣನಿಗೆ ರೂಪಾಲಿಯ ನಮಸ್ಕಾರಗಳು.

ಕುರ್ಡುವಾಡಿಯಲ್ಲಿ ನೀವೆಲ್ಲ ಅರಾಮ ಇದ್ದೀರೆಂದು ತಿಳಿದಿದ್ದೇನೆ. ದಸರೆಗೆ ನೀನು ಕಳಿಸಿದ ಸೀರೆ ಅವ್ವ ಉಟ್ಟಳು. ಎರಡು ವಾರ ನಿನ್ನ ಫೋನು ಎತ್ತಲಿಲ್ಲ, ತಪ್ಪಾಯಿತು. ಎತ್ತಿದ್ದರೆ ನಾನು ಬೈಯುತ್ತಿದ್ದೆ, ನೀನು ನಗುತ್ತಿದ್ದೆ, ಆಮೇಲೆ ‘ಟವರ್ ಇಲ್ಲವ್ವ’ ಎಂದು ಇಟ್ಟುಬಿಡುತ್ತಿದ್ದೆ. ಕಾಗದ ಆದರೆ ಪೂರ್ತಿ ಓದಲೇಬೇಕು. ವೈನಿಗೂ ಮಗ ನಿತಿನನಿಗೂ ಮರಾಠಿ ಬಿಟ್ಟು ಬೇರೆ ಅಕ್ಷರ ಬರುವುದಿಲ್ಲ, ಆದ್ದರಿಂದ ಮನಸ್ಸಿಗೆ ಬಂದಂತೆ ಬರೆಯುತ್ತೇನೆ.

ಕಾಲೇಜಿನಿಂದ ಆ ಕಲ್ಲು ತರುವ ಮುಂಚೆ ನಿನಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ನೀನು ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ಆಮೇಲೆ ತಿಳಿಯಿತು. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ. ಕಲ್ಲಿನಲ್ಲಿದ್ದದ್ದು ಒಂದು ಮೀನು, ಕ್ಲೈಮೇಷಿಯಸ್ ಅಂತ. ನನ್ನ ಗೇಣಿಗಿಂತ ಚಿಕ್ಕದು. ನಲವತ್ತು ಕೋಟಿ ವರ್ಷದ ಹಿಂದಿನದು. ಈಗ ಅದರ ಕುಲದಲ್ಲಿ ಒಂದೂ ಉಳಿದಿಲ್ಲ. ಬೆನ್ನಿಗೆ ಎರಡು ಮುಳ್ಳು, ಬಾಲದ ಹತ್ತಿರ ಒಂದು, ಹೊಟ್ಟೆಯ ಕೆಳಗೆ ಆರು ಜೋಡಿ. ನುಂಗಲು ಬಂದ ದೊಡ್ಡ ಮೀನಿನ ಗಂಟಲಿಗೆ ಚುಚ್ಚಬೇಕು, ಅದಕ್ಕೆ ಅಷ್ಟು ಮುಳ್ಳು. ಸ್ಕಾಟ್ಲೆಂಡಿನಿಂದ ಯಾವ ಕಾಲದಲ್ಲೋ ಬಂದ ಆ ಕಲ್ಲಿನಲ್ಲಿ ಹದಿನೈದನ್ನೂ ಎಣಿಸಬಹುದಿತ್ತು. ಅದರ ಚಿತ್ರ ಬರೆದು ಒಂದು ಲೇಖನ ಅಚ್ಚಾದರೆ ನನ್ನ ಕೆಲಸ ಕಾಯಂ ಆಗುವುದಿತ್ತು. ಏಳು ವರ್ಷದಿಂದ ತಾಸಿನ ಲೆಕ್ಕದ ಮಾಸ್ತರಿಕೆ ಮಾಡುತ್ತಿದ್ದೇನೆ. ಸಹಿ ಮಾಡಿ, ಟವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದೆ.

ಒಂಬತ್ತು ಮುಳ್ಳು ಬರೆದಾಗಿತ್ತು. ಅಮಾವಾಸ್ಯೆಯ ದಿನ ಶಾಯಿ ಮುಗಿದು ನವಿ ಪೇಠೆಯ ಅಂಗಡಿಗೆ ಹೋದೆ. ಮರುದಿನ ನವರಾತ್ರಿಯ ಘಟ ಕೂಡುವುದು, ಅವ್ವ ಎಂದಿನಂತೆ ದೇವರಜಗಲಿಯ ಮೂರ್ತಿಗಳನ್ನೆಲ್ಲ ಬುಟ್ಟಿಗೆ ಹಾಕಿಕೊಂಡು ತೊಳೆಯಲು ಬಾವಿಗೆ ಹೋಗಿದ್ದಳು. ನಾನು ಬರುವಷ್ಟರಲ್ಲಿ ಬೀರೋಬಾ ಮತ್ತು ಮೈಲಾರನ ನಡುವೆ ನನ್ನ ಕಲ್ಲು ಭಂಡಾರದ ಅರಿಶಿಣ ಬಳಿದುಕೊಂಡು ಕೂತಿತ್ತು. ಹುಣಸೆಹಣ್ಣು, ಇಟ್ಟಂಗಿ ಪುಡಿ, ತೆಂಗಿನ ನಾರು ಹಾಕಿ ತಿಕ್ಕಿದ್ದಳು. ಮೂರು ಮುಳ್ಳು ಉಳಿದಿದ್ದವು.

“ಎಷ್ಟ ಹೊಲಸ ಕೂತಿತ್ತವ್ವ ದೇವರ ಮ್ಯಾಲ,” ಅಂದಳು. “ಮುಳ್ಳ ಮುಳ್ಳ ಹತ್ತತಿತ್ತು ಕೈಗೆ. ಈಗ ನೋಡ, ಎಷ್ಟ ನುಣ್ಣಗ ಆಗ್ಯಾದ.”

“ಇದು ದೇವರಂತ ಯಾರ ಹೇಳಿದ್ರು ನಿನಗ?”

“ಧನರಾಜ. ಫೋನ್ ಹಚ್ಚಿ ಕೇಳಿದ್ನಿ. ಮೀನಿನ ಅವತಾರ ಅದು, ಜಗಲಿ ಮ್ಯಾಲ ಇಡು ಅಂದ.”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಿನಗೆ ತಮಾಷೆ ಮಾಡಲು ಬೇರೆ ಯಾವುದೂ ಸಿಗಲಿಲ್ಲವೇ? ‘ಅದು ರೂಪಾಲಿ ಕಾಲೇಜಿಂದು, ಮುಟ್ಟಬ್ಯಾಡ.’ ನಾಲ್ಕು ಶಬ್ದ. ಅಷ್ಟು ಹೇಳಿದ್ದರೆ ಸಾಕಿತ್ತು.

ಸೋಮವಾರ ಕಲ್ಲನ್ನು ಒಯ್ದು ಮೇಜಿನ ಮೇಲಿಟ್ಟೆ. ಪ್ರಯೋಗಾಲಯದ ಸಿಪಾಯಿ ಕಲ್ಲಣ್ಣ ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟ. “ಬಾಯಾರ, ಮೂವತ್ತ ವರ್ಷ ಆತು, ಇದನ್ನ ನಾ ಬಟ್ಟಿಲೆ ಸುದ್ದಾ ಒರಸಿಲ್ರಿ,” ಎಂದ. ನಮ್ಮ ವಿಭಾಗದ ಮುಖ್ಯಸ್ಥರು ಭಂಡಾರದ ಕಲೆಯನ್ನು ಉಗುರಿನಿಂದ ಕೆರೆದು, ‘ಧನಗರಾಂಚ್ಯಾ ಘರೀ ದುಸರಂ ಕಾಯ ಹೋಣಾರ’ ಅಂದರು. ಕುರಿ ಕಾಯುವವರ ಮನೆಯಲ್ಲಿ ಇನ್ನೇನಾದೀತು ಎಂದು, ನನ್ನ ಮುಖ ನೋಡಿಯೇ ಅಂದರು. ಮನೆಯವರು ಮಾಡಿದ್ದೆಂದು ಬರೆದುಕೊಟ್ಟರೆ ವಿಚಾರ ಮಾಡುತ್ತೇವೆ ಎಂದರು. ಆ ಮಾತು ಕೇಳಿದ ಮೇಲೆ ಅವ್ವನ ಹೆಸರು ಬರೆಯಲೇ? ನನ್ನ ನಿಷ್ಕಾಳಜಿಯಿಂದ ಹಾಳಾಯಿತು ಎಂದು ಬರೆದೆ. ನಿನ್ನ ಹೆಸರನ್ನೂ ಬರೆಯಲಿಲ್ಲ. ದೀಪಾವಳಿ ರಜೆಯ ನಂತರ ಬರಬೇಡಿ ಎಂದು ಮೊನ್ನೆ ಪತ್ರ ಬಂತು.

ಅವ್ವನ ಮೇಲೆ ನನಗೆ ಸಿಟ್ಟಿಲ್ಲ, ಅವಳು ದೇವರಿಗೆ ಮಾಡುವುದನ್ನೇ ಮಾಡಿದಳು. ಸಿಟ್ಟು ನಿನ್ನ ಮೇಲೆ. ಕೆರೆಯ ದಂಡೆಯಲ್ಲಿ ಕುರಿ ಮೇಯಿಸುತ್ತ ಕೋಲಿನಿಂದ ನೆಲದ ಮೇಲೆ ಅ ಆ ಬರೆದು ಕಲಿಸಿದವನು ನೀನು. ‘ಹೆಣ್ಣಹುಡುಗಿಗಿ ಸಾಲಿ ಸಾಕು’ ಅಂತ ಅಪ್ಪ ಅಂದಾಗ ಬಾಗಿಲಿಗೆ ಅಡ್ಡ ನಿಂತವನೂ ನೀನೇ. ಹಾಗೆ ನಿಂತವನಿಗೆ ಒಂದು ಮಾತು ನೆನಪಿಟ್ಟುಕೊಳ್ಳಲು ಆಗಲಿಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಮರೆವಿಗೆ ಕ್ಷಮೆ ಇದೆ ಎಂದುಕೊಂಡು ಸಿಟ್ಟು ಇಳಿಸಿಕೊಳ್ಳುತ್ತಿದ್ದೇನೆ. ಇಳಿದಾಗ ಫೋನು ಎತ್ತುತ್ತೇನೆ.

ವೈನಿಗೆ ನಮಸ್ಕಾರ ಹೇಳು. ನಿತಿನನಿಗೆ ಆಶೀರ್ವಾದ, ಬಂದಾಗ ಅವನಿಗೆ ಒಂಬತ್ತು ಮುಳ್ಳಿನ ಚಿತ್ರ ತೋರಿಸುತ್ತೇನೆ. ಬೀರೋಬಾ ನಿಮ್ಮನ್ನೆಲ್ಲ ಚೆನ್ನಾಗಿಡಲಿ.

ನಿನ್ನ ತಂಗಿ,
ರೂಪಾಲಿ

ತಾ. ಕ.: ಅಂಟಿಸಿದ್ದ ಲಕೋಟೆ ಹರಿದು ಬರೆಯುತ್ತಿದ್ದೇನೆ. ಕೆಲಸ ಹೋದದ್ದನ್ನು ಅವ್ವನಿಗೆ ಈಗಷ್ಟೇ ಹೇಳಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು, ಜಗಲಿಯಲ್ಲಿ ಆ ಕಲ್ಲು ಇದ್ದ ಜಾಗದ ಮುಂದೆ ಕಾಯಿ ಒಡೆದಳು. ಏನವ್ವಾ ಇದು ಅಂತ ಕೇಳಿದೆ. “ಹರಕಿ ತೀರಿಸಾಕತ್ತೀನಿ,” ಅಂದಳು. “ಧನರಾಜನೇ ಹೇಳಿದ್ದ. ನೌಕರಿ ಇರೋತನಕ ಇಕಿ ಲಗ್ನಕ್ಕ ಒಪ್ಪೂದಿಲ್ಲವ್ವ, ಇಕಿ ನೌಕರಿ ಹೋಗಲಿ ಅಂತ ಆ ದೇವರಿಗಿ ಬೇಡಕೋ, ಚಂದಂಗ ತಿಕ್ಕಿ ತೊಳಿ ಅಂದಿದ್ದ. ತಿಕ್ಕೂ ಮುಂದ ಅದನ್ನ ಬೇಡಕೊಂಡಿದ್ನಿ.”

ಕಲ್ಲು ಸಿಕ್ಕ ಖುಷಿಯಲ್ಲಿ ಮೊದಲು ಫೋನು ಮಾಡಿದ್ದು ನಿನಗೇ. ‘ನೀರು ಸೋಕಿಸಬಾರದಂತೆ ಅಣ್ಣ, ತಿಕ್ಕಿದರೆ ಮುಳ್ಳು ಉದುರುತ್ತವಂತೆ’ ಎಂದು ಹೇಳಿದ್ದೆ. ನೀನು ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕು. ನೀನು ಎಲ್ಲ ಕೇಳಿಸಿಕೊಂಡಿದ್ದೆ.