ಸಾಕ್ಷಿ ಬಾಟಲಿ

೧೪ ನವೆಂಬರ್, ಶುಕ್ರವಾರ

ಪ್ರೀತಿಯ ತಂಗಿ,

ನಾವಿಬ್ಬರೂ ಉಂಡುಕೊಂಡು, ಉಸಿರಾಡಿಕೊಂಡು ಇದ್ದೇವೆ. ಕ್ಷೇಮ ಅಂತ ಬರೆಯಲು ಕೈ ಬರಲಿಲ್ಲ, ಅದಕ್ಕೆ ಹೀಗೆ ಬರೆದೆ. ನಿನ್ನ ಮಂಡಿನೋವು ಹೇಗಿದೆ? ಮಕ್ಕಳ ಪರೀಕ್ಷೆ ಮುಗಿಯಿತೇ? ನಿನ್ನ ಎರಡೂ ಕಾಗದಗಳಿಗೆ ಉತ್ತರ ಬರೆಯದೆ ಕೂತೆ, ಫೋನ್ ಮಾಡಿದರೂ "ಆಮೇಲೆ ಮಾತಾಡ್ತೀನಿ ಕಣೇ" ಅಂತ ಇಟ್ಟುಬಿಟ್ಟೆ. ಕೋಪ ಮಾಡಿಕೊಳ್ಳಬೇಡ. ನಿನ್ನ ಭಾವ ಈಗ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲೇ ಇರುತ್ತಾರೆ. ಅವರ ಕಿವಿಗೆ ಬೀಳದ ಹಾಗೆ ಮಾತಾಡಲು ಈ ಮನೆಯಲ್ಲಿ ಬಚ್ಚಲು ಬಿಟ್ಟರೆ ಬೇರೆ ಜಾಗವಿಲ್ಲ. ಇವತ್ತು ಕನ್ನಡಕ ಸರಿಮಾಡಿಸಲು ಹೋಗಿದ್ದಾರೆ. ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ನೀನು ಕೇಳಿದ್ದು ನಿಜ. ಜ್ಯೂಸ್ ಫ್ಯಾಕ್ಟರಿ ಮುಚ್ಚಿತು. ಲೈಸೆನ್ಸ್ ರದ್ದಾಯಿತು. ನನ್ನ ಕೈಯಿಂದಲೇ ಮುಚ್ಚಿತು ಅಂತಲೂ ನಿನಗೆ ಯಾರೋ ಊದಿದ್ದಾರಲ್ಲ, ಅದನ್ನೂ ಹೇಳುತ್ತೇನೆ ಇರು.

ನಮ್ಮ ಸೇಬಿನ ಜ್ಯೂಸು ದೇಶದ ಮೂಲೆಮೂಲೆಗೂ ಹೋಗಲು ಶುರುವಾದ ಮೇಲೆ ಕಾನೂನಿನ ಕಟ್ಟುಪಾಡು ಎಷ್ಟಿತ್ತು ಅನ್ನುತ್ತೀ! ಕಾಯಿಸಿದ ರಸಕ್ಕೆ 'ತಾಜಾ' ಅನ್ನಬಾರದು. ಸಕ್ಕರೆ ಹಾಕಿದರೆ ಹಾಕಿದ್ದೇವೆ ಅಂತ ಒಪ್ಪಿಕೊಂಡು ಬರೆಯಬೇಕು. ಅಕ್ಷರ ಇಷ್ಟಕ್ಕಿಂತ ಸಣ್ಣದಿದ್ದರೆ ಅದೂ ತಪ್ಪು. "ಮದುವೆಗೆ ಮುಂಚೆ ನಿಮ್ಮ ಮೇಲೂ ಇಂಥದ್ದೊಂದು ಲೇಬಲ್ ಇದ್ದಿದ್ರೆ ನಾನು ಓದ್ಕೊಂಡು ಒಪ್ತಿದ್ದೆ" ಅಂತ ರೇಗಿಸುತ್ತಿದ್ದೆ. ನಿನ್ನ ಭಾವ ನಗುತ್ತಿದ್ದರು, ಆದರೆ ಒಂದು ನಿಯಮವನ್ನೂ ಸಡಿಲ ಬಿಟ್ಟವರಲ್ಲ.

ಎಲ್ಲಕ್ಕಿಂತ ಬಿಗಿ ಸಾಕ್ಷಿ ಬಾಟಲಿಯ ವಿಷಯದಲ್ಲಿ. ಒಂದು ಸಲಕ್ಕೆ ಕಾಯಿಸಿ ತುಂಬಿದ್ದು ಒಂದು ಬ್ಯಾಚು. ಪ್ರತಿ ಬ್ಯಾಚಿನಿಂದ ಎರಡು ಬಾಟಲಿ ತೆಗೆದು, ತಂಪಾದ ಹಿಂಬದಿ ಕೋಣೆಯ ಕಪಾಟಿನಲ್ಲಿ ಅದರ ಅವಧಿ ತೀರುವವರೆಗೆ ಇಡಬೇಕು. ಹೊರಗೆ ಏನಾದರೂ ತಕರಾರು ಬಂದರೆ ನಮ್ಮ ಪರವಾಗಿ ಮಾತಾಡುವುದು ಅದೊಂದೇ. ಅದಕ್ಕೇ ನಾವು ಸಾಕ್ಷಿ ಬಾಟಲಿ ಅನ್ನುತ್ತಿದ್ದೆವು. ಆ ಕಪಾಟನ್ನು ನಾನು ಒರೆಸಲು ಹೋದರೂ ಅವರಿಗೆ ಜೀವ ಹೋದಂತಾಗುತ್ತಿತ್ತು.

ಅಂಥವರು ಒಮ್ಮೆ ಆ ಕಪಾಟಿಗೆ ಕೈ ಹಾಕಿದ್ದಾರೆ. ನನಗೂ ಗೊತ್ತಿರಲಿಲ್ಲ. ನಮ್ಮ ಗುಬ್ಬಿ ಆಸ್ಪತ್ರೆಯಲ್ಲಿದ್ದ ಕೊನೆಯ ದಿನಗಳು. ರಕ್ತದ ಕಾಯಿಲೆಗೆ ಕೊಟ್ಟ ಔಷಧಿಯೇ ಮಗಳ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹೀರಿತ್ತು, ನೀನೇ ನೋಡಿದ್ದೀಯಲ್ಲ. ಊಟ ಸೇರುತ್ತಿರಲಿಲ್ಲ. ಒಂದು ದಿನ ತಾನಾಗಿಯೇ "ಅಪ್ಪಾ, ನಮ್ಮ ಜ್ಯೂಸು ಕುಡೀಬೇಕು ಅನ್ನಿಸ್ತಿದೆ" ಅಂದಳು. ಡಾಕ್ಟರು "ಬಿಚ್ಚಿಟ್ಟಿದ್ದು ಏನೂ ಬೇಡ, ಸೀಲ್ ಆಗಿರೋದಾದ್ರೆ ಕೊಡಿ" ಅಂದರು. ಅಂಗಡಿಯ ಬಾಟಲಿ ಬಿಸಿಲಲ್ಲಿ ನಿಂತಿರುತ್ತದೆ, ಮಗೂಗೆ ಅದು ಬೇಡ ಅಂತ ಇವರು ಫ್ಯಾಕ್ಟರಿಗೇ ಹೋಗಿ ಎರಡು ಬಾಟಲಿ ತಂದರು. ಅವಳು ಅರ್ಧ ಲೋಟ ಕುಡಿದಳು. ನೆಮ್ಮದಿಯಿಂದ ಕುಡಿದಳು. ಎರಡು ದಿನಕ್ಕೆ ಜ್ವರ ಬಂತು. ಸೋಂಕು, ಎಲ್ಲಿಂದ ಬಂತು ಅಂತ ಹೇಳಕ್ಕಾಗಲ್ಲ ಅಂದರು. ಆಮೇಲಿನದು ನಿನಗೆ ಗೊತ್ತು.

ಆಮೇಲೆ ಯಾವುದೋ ದೂರದ ಊರಿನ ಅಂಗಡಿಯಲ್ಲಿ ಸರ್ಕಾರದವರು ನಮ್ಮ ಬಾಟಲಿ ಎತ್ತಿಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಬೂಸ್ಟು ಬಂದಿತ್ತಂತೆ. ಆ ಬ್ಯಾಚಿನ ಮಾಲನ್ನೆಲ್ಲ ವಾಪಸು ತರಿಸಿ ಅಧಿಕಾರಿಯ ಕಣ್ಣೆದುರಿಗೇ ಚರಂಡಿಗೆ ಸುರಿಸಿದರು. ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯವಳು. "ಸರ್, ನಿಮ್ಮ ಕಪಾಟಲ್ಲಿರೋ ಬಾಟಲಿ ಕೊಡಿ. ಅದು ಚೆನ್ನಾಗಿದ್ರೆ ತಪ್ಪು ಅಂಗಡಿಯವರದ್ದು ಅಂತಾಗತ್ತೆ. ಇಲ್ಲಾಂದ್ರೆ ನನ್ನ ಕೈಲಿ ಏನೂ ಇಲ್ಲ" ಅಂದಳು. ಇವರು ಎದೆಯುಬ್ಬಿಸಿಕೊಂಡು ಕಪಾಟಿನ ಹತ್ತಿರ ಹೋದರು. ಆ ಬ್ಯಾಚಿನ ಚೀಟಿ ಇದೆ, ಹಿಂದೆ ಬಾಟಲಿ ಇಲ್ಲ. ನೆನಪಾಯಿತೇನೋ, ಅಲ್ಲೇ ಮುಚ್ಚಳದ ಮೂಟೆಯ ಮೇಲೆ ಕುಸಿದು ಕೂತರು. "ನಾನೇ ತಗೊಂಡು ಹೋಗಿದ್ದೆ ಕಣೇ, ಗುಬ್ಬಿಗೆ. ಅವತ್ತು ಬೇರೆ ಎಲ್ಲಾ ಮಾಲೂ ಲಾರಿ ಹತ್ತಿತ್ತು" ಅಂದರು.

ನಾನೇ ಬಾಯಿಬಿಟ್ಟೆ. "ಇನ್ನೊಂದು ಬಿಚ್ಚೇ ಇಲ್ವಲ್ರೀ, ಆಸ್ಪತ್ರೆ ಬ್ಯಾಗಲ್ಲೇ ಇದೆ" ಅಂದೆ. ಗುಬ್ಬಿ ಹೋದ ಮೇಲೆ ಆ ಬ್ಯಾಗನ್ನು ಮನೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದು, ಬಿಚ್ಚಿ ನೋಡುವ ಧೈರ್ಯ ನಮ್ಮಿಬ್ಬರಿಗೂ ಬಂದಿರಲಿಲ್ಲ. ಅವರ ಮುಖಕ್ಕೆ ಜೀವ ಬಂದದ್ದನ್ನು ಎಷ್ಟೋ ದಿನಗಳ ಮೇಲೆ ನೋಡಿದೆ. "ಓಡು, ತಗೊಂಡ್ಬಾ. ಅದು ಚೆನ್ನಾಗೇ ಇರತ್ತೆ. ನನ್ನ ಮಗಳಿಗೆ ಅಂತ ತಗೊಂಡಿದ್ದು ಕೆಟ್ಟಿರತ್ತಾ?" ಅಂದರು. ಅಧಿಕಾರಿ ಕಾಯುತ್ತೇನೆ ಅಂದಳು.

ಹೋದೆ. ಬ್ಯಾಗಿನಲ್ಲಿ ಗುಬ್ಬಿಯ ಬಾಚಣಿಗೆ, ಕಾಲುಚೀಲ, ಒಂದು ಟವೆಲು, ಅದರೊಳಗೆ ಬಾಟಲಿ. ತಂದೆ. ಫ್ಯಾಕ್ಟರಿಯ ಮೆಟ್ಟಿಲ ಮೇಲೆ ಕೈಜಾರಿತು. ಗಾಜೆಲ್ಲ ಚೂರುಚೂರು.

ಅವರು ಎಲ್ಲರೆದುರಿಗೆ ಕೂಗಿಬಿಟ್ಟರು. "ನಿನ್ನ ಕೈಗೇನು ಬಂದಿತ್ತೇ ದರಿದ್ರ? ಹಾಳು ಮಾಡಿದ್ಯಲ್ಲೇ!" ಇಷ್ಟು ವರ್ಷದಲ್ಲಿ ಒಂದು ದಿನವೂ ನನಗೆ ಹಾಗೆ ಅಂದವರಲ್ಲ. ಬಾಟಲಿ ತೊಳೆಯುವ ಹೆಂಗಸರು ತಲೆ ತಗ್ಗಿಸಿ ನಿಂತಿದ್ದರು. ಮುಚ್ಚಳ ಹಾಕುವ ಮಿಷನ್ನಿನ ರಬ್ಬರು ಸವೆದಿತ್ತು ಅಂತ ಮೆಕ್ಯಾನಿಕ್ಕು ಮೆಲ್ಲಗೆ ಬಾಯಿ ತೆಗೆದ, ಅವನಿಗೂ ಸರಿಯಾಗಿ ಬಿತ್ತು. ಆ ಹುಡುಗಿ ಬರೆಯಬೇಕಾದ್ದನ್ನು ಬರೆದುಕೊಂಡು ಹೋದಳು. ಕೆಲಸದವರನ್ನೆಲ್ಲ ಮನೆಗೆ ಕಳಿಸಿದೆವು. ಒಬ್ಬಳು ಹೋಗುವಾಗ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಅನ್ನ ಹೋಗಿದೆ, ಅವಳದ್ದೇನು ತಪ್ಪು?

ಈಗ ಮನೆಗೆ ಯಾರು ಬಂದರೂ ಇವರದ್ದು ಒಂದೇ ಮಾತು. "ಆ ಬಾಟಲಿ ಒಂದಿದ್ದಿದ್ರೆ ತೋರಿಸ್ತಿದ್ದೆ, ನಮ್ಮ ಜ್ಯೂಸು ಚಿನ್ನ ಅಂತ. ಇವಳು ಬೀಳಿಸಿಬಿಟ್ಟಳು." ನಾನು ಕಾಫಿ ಲೋಟ ಮುಂದಿಟ್ಟು ಒಳಗೆ ಬರುತ್ತೇನೆ. ನನ್ನ ಜೊತೆ ಬೇಕಾದಷ್ಟೇ ಮಾತು. ಉಪ್ಪು ಕಮ್ಮಿ, ನೀರು ಬಿಸಿಯಾಯ್ತಾ, ಅಷ್ಟೇ. ಆದರೆ ಮೊದಲಿನ ಹಾಗೆ ನಿದ್ದೆಗೆಟ್ಟು ಹೊರಳಾಡುವುದಿಲ್ಲ. ಎರಡು ಹೊತ್ತು ಊಟ ಮಾಡುತ್ತಾರೆ.

ಮಕ್ಕಳಿಗೆ ನನ್ನ ಆಶೀರ್ವಾದ. ಚಿಕ್ಕವಳ ಕೆನ್ನೆಗೆ ನನ್ನದೊಂದು ಮುತ್ತು ಕೊಡು. ಯಜಮಾನರಿಗೆ ನಮಸ್ಕಾರ ತಿಳಿಸು. ನೀನು ಮಾತ್ರೆ ತಪ್ಪಿಸಬೇಡ. ನಿನ್ನ ಮನೆ ತಣ್ಣಗಿರಲಿ ಕಣೇ.

ನಿನ್ನ ಅಕ್ಕ

ತಾ.ಕ.: ಇವರು ಇನ್ನೂ ಬಂದಿಲ್ಲ, ಅದಕ್ಕೆ ಇದನ್ನೂ ಬರೆಯುತ್ತೇನೆ. ಬಾಟಲಿ ಕೈಜಾರಲಿಲ್ಲ. ಬ್ಯಾಗಿನಿಂದ ತೆಗೆದವಳು ಸುಮ್ಮನೆ ತರಬಾರದಿತ್ತೇ? ಇಷ್ಟು ವರ್ಷದ ಅಭ್ಯಾಸ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಮುಚ್ಚಳದ ಕೆಳಗೆ ಹತ್ತಿಯ ಎಳೆಯ ಹಾಗೆ ಬೆಳ್ಳಗೆ ಏನೋ ಇತ್ತು. ಕುಲುಕಿದೆ. ಹೋಗಲಿಲ್ಲ. ಫ್ಯಾಕ್ಟರಿ ಹೇಗಿದ್ದರೂ ಹೋಯಿತು ಅಂತ ಅಲ್ಲೇ ಗೊತ್ತಾಯಿತು. ಇವರಾದರೂ ಉಳಿಯಲಿ ಅಂತ ಮೆಟ್ಟಿಲ ಮೇಲೆ ಎತ್ತಿ ಹಾಕಿದೆ. ಯಾರಿಗೂ ಕಾಣದಿರಲಿ ಅಂತ ಚಪ್ಪಲಿಯಲ್ಲಿ ಉಜ್ಜಿದೆ. ಅವತ್ತು ಗುಬ್ಬಿ ಕುಡಿದದ್ದರಲ್ಲಿ ಏನಾದರೂ ಇತ್ತೋ ಇಲ್ಲವೋ ದೇವರೇ ಬಲ್ಲ. ತಂದವರು ಇವರು. ಲೋಟ ಹಿಡಿದು ಕುಡಿಸಿದವಳು ನಾನು. ಅವಳು "ಸಾಕಮ್ಮ" ಅಂದಳು ಕಣೇ. "ಇನ್ನೊಂದೇ ಗುಟುಕು, ನನ್ನ ಬಂಗಾರ" ಅಂತ ಕುಡಿಸಿದೆ. ಇದು ನನ್ನೊಬ್ಬಳಲ್ಲೇ ಇರಲಿ, ಅವರಿಗೆ ಬೇಡ. ನೀನು ಮುಂದಿನ ತಿಂಗಳು ಬಂದಾಗ ಅವರೆದುರಿಗೆ "ಒಂದು ಬಾಟಲಿ ನೆಟ್ಟಗೆ ಹಿಡ್ಕೊಳ್ಳಕ್ಕಾಗಲಿಲ್ವಾ ಅಕ್ಕ ನಿಂಗೆ?" ಅಂತ ಚೆನ್ನಾಗಿ ಬೈಯಿ. ಅವರಿಗೆ ಸಮಾಧಾನವಾಗುತ್ತದೆ.