ನನ್ನ ಬೈಗುಳ, ಊರಿನ ನಗು

ಜೂನ್ 3

ಹನ್ನೆರಡು ಸ್ಕರ್ಟ್ ಮುಗಿದವು. ಇನ್ನು ಹದಿನೆಂಟು. ಸೋಮವಾರ ಶಾಲೆ ಶುರು, ಯೂನಿಫಾರ್ಮ್ ಶನಿವಾರವೇ ಬೇಕಂತೆ. ಮೆಷಿನ್ ಸೂಜಿ ಎರಡು ಸಲ ಮುರಿಯಿತು. ಅಡುಗೆಮನೆ ನಲ್ಲಿ ಟಪ್ ಟಪ್ — ಮೂರು ವರ್ಷದಿಂದ ಅದೇ ರಾಗ. ಪ್ಲಂಬರ್ ಮನೆಯ ನಲ್ಲಿ! ದೀಪದ ಬುಡದಲ್ಲೇ ಕತ್ತಲೆ ಅಂತ ಸುಮ್ಮನೆ ಹೇಳಿಲ್ಲ. ಅವರು ಹೋಗಿ ಇಪ್ಪತ್ತಾರು ದಿನ. ನಲ್ಲಿ ಮಾತ್ರ ಇದ್ದ ಹಾಗೇ ಇದೆ.

ಮಧ್ಯಾಹ್ನ ಮೇಷ್ಟ್ರು ಬಂದಿದ್ದರು. ರಿಟೈರ್ ಆದಮೇಲೆ ಬಡಾವಣೆ ಸಂಘದ ಅಧ್ಯಕ್ಷರು. ಭಾನುವಾರ ಸಂಘದ ಹಾಲ್‌ನಲ್ಲಿ ಇವರ ನೆನಪಿಗೆ ಸಭೆಯಂತೆ.

"ನಿಮ್ಮ ಯಜಮಾನ್ರು ಅಂದ್ರೆ ನಮ್ಮ ಸಂಘದ ಬೆನ್ನೆಲುಬು ಕಣಮ್ಮ. ಎಲ್ಲರೂ ಒಂದೊಂದು ನೆನಪು ಹೇಳ್ತೀವಿ. ನೀವೂ ಎರಡು ಮಾತಾಡ್ಬೇಕು. ತಮಾಷೆಯದು ಇದ್ರೆ ಇನ್ನೂ ಚೆನ್ನ."

ತಮಾಷೆಯದು! ಬೆಳಗ್ಗೆ ಐದಕ್ಕೆ ಚೀಲ ಹೆಗಲಿಗೆ. ಕತ್ತಲಾದ ಮೇಲೆ ಬಂದರೆ ಊಟ, ಗೊರಕೆ. ತಮಾಷೆಯೆಲ್ಲ ಊರಿಗೆ, ಗೊರಕೆ ನನಗೆ. ಸತ್ತದ್ದಾದರೂ ಮನೆಯಲ್ಲೇ? ಅದೂ ಇಲ್ಲ. ಸಂಘದ ನೀರಿನ ಟ್ಯಾಂಕ್ ತೊಳೆಯಲು ಹತ್ತಿದವರು ಅಲ್ಲೇ ಎದೆ ಹಿಡಿದು ಕೂತರು. ಸುತ್ತ ಹತ್ತು ಜನ ಇದ್ದರಂತೆ. ನಾನಿರಲಿಲ್ಲ.

ಜೂನ್ 4

ಬ್ರೆಡ್ ತರಲು ಹೋಗಿದ್ದೆ. ಬೇಕರಿಯವಳು ಕಣ್ಣೊರೆಸಿಕೊಂಡಳು, ಆಮೇಲೆ ಕಿಸಕ್ಕನೆ ನಕ್ಕಳು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ಅಣ್ಣ ಒಂದ್ಸಲ ಹೇಳಿದ್ದು ನೆನಪಾಯ್ತು. ಮದುವೆ ದಿನ ಹೆಂಡ್ತಿ ಕೈ ಹಿಡಿದಿದ್ದೇ ಕೊನೆ, ಆಮೇಲೆ ಹಿಡಿದಿದ್ದೆಲ್ಲ ಸ್ಪ್ಯಾನರೇ ಅಂತ! ಎಂಟು ವರ್ಷ ಆಯ್ತು, ಇವತ್ತಿಗೂ ನಗು ಬರುತ್ತೆ ನೋಡಿ."

ಬ್ರೆಡ್ ಕೈಯಲ್ಲೇ ಉಳಿಯಿತು. ಅದು ನನ್ನ ಮಾತು. ನಮ್ಮ ಮದುವೆಯಾಗಿ ಹದಿನೈದು ವರ್ಷ ತುಂಬಿದ ದಿನ. ಊಟಕ್ಕೆ ಕೂತಿದ್ದೆವು. ಬೇಕರಿಯಲ್ಲಿ ಪೈಪ್ ಒಡೆದಿದೆ ಅಂತ ಫೋನ್. ಅರ್ಧ ತಟ್ಟೆ ಬಿಟ್ಟು ಎದ್ದರು. ನಾನು ಅತ್ತುಕೊಂಡು ಅಂದದ್ದು ಅದು. ಅವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು, ತುಟಿ ಆಡುತ್ತಿತ್ತು. ಮನಸ್ಸಲ್ಲೇ ನನ್ನನ್ನು ಬೈಯುತ್ತಿದ್ದಾರೆ ಅಂದುಕೊಂಡೆ.

ಬೈಯುತ್ತಿರಲಿಲ್ಲ. ಬಾಯಿಪಾಠ ಮಾಡುತ್ತಿದ್ದರು!

ಅವಳ ಪೈಪೂ ರಿಪೇರಿ, ಮೇಲೆ ನನ್ನ ಮಾತೂ ಪುಕ್ಕಟೆ. ನಾನು ಅತ್ತದ್ದಕ್ಕೆ ಅವಳು ಎಂಟು ವರ್ಷದಿಂದ ನಗುತ್ತಿದ್ದಾಳೆ. ಬ್ರೆಡ್ ತರಲು ಇನ್ನು ಆ ಅಂಗಡಿಗೆ ಹೋಗಲ್ಲ.

ಜೂನ್ 5, ಸಂಜೆ

ಹೊಟ್ಟೆಕಿಚ್ಚು. ಬೇರೆ ಹೆಸರು ಯಾಕೆ ಕೊಡಲಿ.

ಇವತ್ತು ಇನ್ನೊಂದು ಸಿಕ್ಕಿತು. ಸೊಸೈಟಿ ಗುಮಾಸ್ತ ದಾರಿಯಲ್ಲಿ ನಿಲ್ಲಿಸಿ ಹೇಳಿದ — "ಊರಿನ ನಲ್ಲಿಯೆಲ್ಲ ನಿಲ್ಲಿಸ್ತೀನಿ ಸ್ವಾಮಿ, ನನ್ನ ಬಾಯಿಗೆ ವಾಷರ್ ಹಾಕೋರೇ ಇಲ್ಲ ಅಂತಿದ್ರು ಅಣ್ಣ." ಅದೂ ನನ್ನದೇ. ನಮ್ಮ ಬಚ್ಚಲಿನ ಮುಂದೆ ನಿಂತು ನಾನು ಅವರಿಗೆ ಬೈದದ್ದು, 'ನಿಮ್ಮ ಬಾಯಿಗೆ' ಅಂತ.

ಕ್ಲಿನಿಕ್ ಲ್ಯಾಬ್‌ನಿಂದ ಮಗಳು ಬಂದಮೇಲೆ ಕೇಳಿದೆ, ನಿಮ್ಮಪ್ಪ ನಿನ್ನ ಹತ್ತಿರ ತಮಾಷೆ ಮಾಡ್ತಿದ್ರಾ ಅಂತ. ಕೇಳಬಾರದಿತ್ತು. ಒಂದು ಗಂಟೆ ಹೇಳಿದಳು. ಮೂರನೇ ಕ್ಲಾಸಿನಲ್ಲಿ ರಿಬ್ಬನ್ ಸಿಗದ ದಿನ ಪೈಪಿಗೆ ಸುತ್ತುವ ಬಿಳಿ ಟೇಪಿನಿಂದ ಜಡೆ ಕಟ್ಟಿ ಕಳಿಸಿದ್ದರಂತೆ. "ಇನ್ನು ಒಂದು ಹನಿ ಬುದ್ಧಿನೂ ಸೋರಲ್ಲ ಹೋಗು" ಅಂದಿದ್ದರಂತೆ. ನಗುತ್ತ ನಗುತ್ತ ಅತ್ತುಬಿಟ್ಟಳು. ನಾನು ಆಗ ಎಲ್ಲಿದ್ದೆ? ಮೆಷಿನ್ ಮುಂದೆ ಇದ್ದಿರಬೇಕು. ಇವಳ ಪಾಲಿಗೂ ಒಂದು ಗಂಟು ನೆನಪು ಇಟ್ಟಿದ್ದಾರೆ. ನನ್ನ ಪಾಲಿಗೆ?

ಮೇಲಿನ ಮನೆ ಅಜ್ಜಿಯ ಗೀಸರ್, ಶಾಲೆಯ ಕುಡಿಯುವ ನೀರು, ಯಾರದೋ ಸೊಸೆ ಹೆರಿಗೆಗೆ ರಾತ್ರೋರಾತ್ರಿ ಆಟೋ — ಅವರು ಮಾಡಿದ್ದು ಸುಳ್ಳಲ್ಲ. ಕತ್ತೆ ಹಾಗೆ ದುಡಿದರು. ಅದನ್ನು ನಾನು ಕಿತ್ತುಕೊಳ್ಳಲ್ಲ. ಆದರೆ ಆ ನಗು ನನ್ನದು. ಊರಿಗೆ ಅವರು ನಗೆಗಾರ, ನಾನು ಸಿಡುಕಿ. ಭಾನುವಾರ ಮೈಕ್ ಮುಂದೆ ಹೇಳಿಯೇ ಹೇಳುತ್ತೇನೆ.

ಜೂನ್ 8, ಭಾನುವಾರ

ಸಭೆ ಮುಗಿಯಿತು.

ಹಾಲ್ ತುಂಬಿತ್ತು. ಕುರ್ಚಿ ಸಾಲದೆ ಜನ ಕಿಟಕಿಯಲ್ಲಿ ನಿಂತಿದ್ದರು. ಒಬ್ಬೊಬ್ಬರೂ ಎದ್ದು ಹೇಳಿದರು, ಒಂದೊಂದಕ್ಕೂ ನಗು. ನಾನು ಬೆರಳು ಮಡಿಸಿ ಎಣಿಸುತ್ತಿದ್ದೆ. ಹನ್ನೊಂದರಲ್ಲಿ ಒಂಬತ್ತು ನನ್ನವು. ಬೇಕರಿಯವಳು ಸ್ಪ್ಯಾನರ್ ಕಥೆಯನ್ನು ಕೈ ಬಾಯಿ ತಿರುಗಿಸಿ ಹೇಳಿದಳು, ಅವಳೇ ಹೆಂಡತಿ ಅನ್ನುವ ಹಾಗೆ.

ಕೊನೆಗೆ ಮೇಷ್ಟ್ರು. "ಒಂದಿನ ನಮ್ಮನೆ ಬಾಗಿಲಿಗೆ ಬಂದು ಬಹಳ ಗಂಭೀರವಾಗಿ ಕೇಳಿದ್ರು — ಸಾರ್, ನಿಮಗೆ ಗೊತ್ತಿರೋ ಒಳ್ಳೆ ಪ್ಲಂಬರ್ ಯಾರಾದ್ರೂ ಇದ್ರೆ ಹೇಳಿ, ನಮ್ಮನೆ ನಲ್ಲಿ ಸೋರ್ತಾ ಇದೆ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಪಕ್ಕದವಳು ನನ್ನ ಕೈ ಅದುಮಿ, "ಅಂಥ ನಗಿಸೋ ಮನುಷ್ಯ… ನಿಮಗೆ ತಮಾಷೆ ಅಂದ್ರೆ ಆಗ್ತಿರ್ಲಿಲ್ಲ ಅಲ್ವಾ? ಹೇಗೆ ಏಗಿದ್ರೋ ಪಾಪ" ಅಂದಳು.

ಎದ್ದೆ. ಮೈಕ್ ಹಿಡಿದೆ. "ಆ ನಲ್ಲಿ ಮಾತು ನಂದು. ಸ್ಪ್ಯಾನರ್ ಮಾತೂ ನಂದು, ವಾಷರ್ ಮಾತೂ ನಂದು. ನಾನು ಬೈದಿದ್ದನ್ನ ಅವರು ಹೊರಗೆ ತಂದು ಹಂಚಿದ್ರು. ಇಪ್ಪತ್ಮೂರು ವರ್ಷ."

ಆಮೇಲೆ — ನಗು! ಅಷ್ಟು ಹೊತ್ತಿನ ನಗುವೆಲ್ಲ ಸೇರಿದರೂ ಅಷ್ಟಾಗಲಿಕ್ಕಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಅಮ್ಮಾ, ಯಜಮಾನ್ರನ್ನೇ ಮೀರಿಸಿಬಿಟ್ರಿ!" ಯಾರೂ ನಂಬಲಿಲ್ಲ. ಅದೂ ಒಂದು ಜೋಕ್ ಅಂದುಕೊಂಡರು.

ಬೇಕಿದ್ದದ್ದು ಸಿಕ್ಕಿತು. ಇಡೀ ಹಾಲ್ ನನ್ನ ಮಾತಿಗೆ ನಕ್ಕಿತು. ನಾನು ಮಾತ್ರ ಬಾಗಿಲ ಕಡೆ ನೋಡುತ್ತಿದ್ದೆ. ಅವರಿದ್ದಿದ್ದರೆ ತುಟಿ ಆಡಿಸುತ್ತ ಅಲ್ಲಿ ನಿಂತಿರುತ್ತಿದ್ದರು. ಮೊದಲೇ ಗೊತ್ತಿದ್ದರೆ ಇನ್ನೂ ಚೆನ್ನಾಗಿ ಬೈಯುತ್ತಿದ್ದೆ.

ಜೂನ್ 17

ಒಂಬತ್ತು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಮಗಳು ಬೇರೆ ಪ್ಲಂಬರ್‌ನ ಕರೆಸುತ್ತೇನೆ ಅಂದಳು. ಬೇಡ ಅಂದೆ. ಹಟ ಮಾಡಿದಳು. ಕೂಗಾಡಿದೆ — "ಮೂರು ವರ್ಷ ಕಾಡಿದೆ, ನಿಮ್ಮಪ್ಪನಿಗೆ ಅರ್ಧ ಗಂಟೆ ಬಿಡುವಾಗಲಿಲ್ಲ! ನಲ್ಲಿ ರಿಪೇರಿಗೆ ಹೆದರಿ ಮನೆ ಬಿಟ್ಟು ಓಡ್ತಿದ್ರು!"

ಅವಳು ಫೋನ್ ಕೆಳಗಿಟ್ಟಳು. "ಹೇಳಬಾರದು ಅಂತ ಆಣೆ ಹಾಕಿಸ್ಕೊಂಡಿದ್ರು. ವಾಷರ್ ಯಾವಾಗ್ಲೂ ಅವರ ಜೇಬಲ್ಲೇ ಇರ್ತಿತ್ತು ಅಮ್ಮ. ನಾನೂ ಕೇಳಿದ್ದೆ, ಯಾಕೆ ಹಾಕಲ್ಲ ಅಂತ. ಅದನ್ನ ಸರಿ ಮಾಡಿದ್ರೆ ನಿಮ್ಮಮ್ಮ ಬೈಯೋದು ನಿಲ್ಲಿಸಿಬಿಡ್ತಾಳೆ, ಆಮೇಲೆ ಊರಿಗೆ ಏನು ತಗೊಂಡು ಹೋಗ್ಲಿ ಅಂದ್ರು. ಅವಳ ಮಾತಿನ ಮುಂದೆ ನಾವೆಲ್ಲ ಏನೇ, ನಾನು ಬರೀ ಪೈಪು ಅಂತಿದ್ರು."

ಮುಠ್ಠಾಳ. ಮೂರು ವರ್ಷ ನನ್ನ ನಿದ್ದೆ ಕೆಡಿಸಿದ ಮುಠ್ಠಾಳ. ಹೇಳಿದ್ದು ಮಗಳಿಗೆ. ನನಗೆ ಒಂದು ಸಲ, ಒಂದೇ ಸಲ ಹೇಳಿದ್ದರೆ ಗಂಟು ಹೋಗುತ್ತಿತ್ತಾ?

ಬಚ್ಚಲಿಗೆ ಹೋಗಿ ಅತ್ತೆ. ಮಗಳಿಗೆ ಕೇಳದಿರಲಿ ಅಂತ ಅಲ್ಲಿನ ನಲ್ಲಿ ಬಿಟ್ಟುಕೊಂಡೆ.

ಜೂನ್ 23, ಬೆಳಗ್ಗೆ

ಮಗಳೇ ಹಾಕಿದಳು. ಗೂಟದಲ್ಲಿದ್ದ ಶರ್ಟಿನ ಜೇಬಿನಿಂದ ವಾಷರ್ ತೆಗೆದಳು, ಅವರ ಸ್ಪ್ಯಾನರ್, ಅವರ ಬಿಳಿ ಟೇಪು. ಏಳು ನಿಮಿಷ. ನೋಡಿಕೊಂಡೇ ಇದ್ದೆ. ಅವಳು ಕೆಲಸಕ್ಕೆ ಹೋದಳು.

ಅಡುಗೆಮನೆಯಲ್ಲಿ ಸದ್ದೇ ಇಲ್ಲ. ಹಾಲು ಕಾಯುವುದು ಕೇಳಿಸುತ್ತಿದೆ.

ಇದ್ದಕ್ಕಿದ್ದಂತೆ ಬಾಯಿಗೆ ಬಂತು. ಜೋರಾಗಿಯೇ ಅಂದೆ, ಯಾರಿಗೆ ಕೇಳಿಸಿದರೂ ಸರಿ — "ರೀ, ನಲ್ಲಿ ರಿಪೇರಿಗೆ ಹೆದರಿ ಊರಾಚೆ ಓಡಿದ್ದು ಸಾಕು. ಸರಿಯಾಯ್ತು. ಇನ್ನು ಮನೆಗೆ ಬನ್ನಿ."

ಚೆನ್ನಾಗಿದೆ. ಸಭೆಯಲ್ಲಿ ಎಣಿಸಿದ ಆ ಒಂಬತ್ತಕ್ಕಿಂತಲೂ ಇದೇ ಚೆನ್ನಾಗಿದೆ. ಮೇಷ್ಟ್ರ ಬಾಗಿಲಲ್ಲಿ ನಿಂತು ಮುಖ ಗಂಟು ಹಾಕಿಕೊಂಡು ಇದನ್ನು ಅವರು ಹೇಳಿದ್ದರೆ —