ಹೊಳೆವ್ವನ ಹೊಲ ಗುಡಿಸಿದ್ದು

ಅಧಿಕ ವೈಶಾಖ, ಐವತ್ತೆರಡನೆಯ ದಿನ, ಕ್ರಿ.ಶ. ೨೧೯೩
ಘಟಪ್ರಭೆಯ ದಂಡೆಯಿಂದ

ಆರು ತಲೆಮಾರಿನ ಹಿಂದಿನ ದುಂಡವ್ವ ಆಯಿಗೆ, ನಿಮ್ಮ ವಂಶದ ಬಾಳವ್ವನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಇಳಿಯುವವರೆಗೆ ನಾವು ವೈಶಾಖವನ್ನು ಮುಗಿಸುವುದಿಲ್ಲ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ನಿಜವಾಗಿ ಕ್ಷಮೆ ಕೇಳಬೇಕಾದ್ದು ಬೇರೆಯೇ ಇದೆ.

ಇಲ್ಲಿ ಬೆಳಗ್ಗೆ ಒಂಬತ್ತಕ್ಕೆ ಬಿಸಿಲುಗಂಟೆ ಬಾರಿಸುತ್ತಾರೆ. ಆಮೇಲೆ ಹೊಲದಲ್ಲಿ ಯಾರೂ ಇರುವಂತಿಲ್ಲ. ಉಂಡು ಮಲಗಿ, ಸಂಜೆ ಮತ್ತೆ ಕೆಲಸಕ್ಕೆ ಇಳಿಯುತ್ತೇವೆ. ಒಕ್ಕಲುತನಕ್ಕೆ ಬರುವ ಎಳೆಯರಿಗೆ ಊರು ಮೂರೆಕರೆ ಹೊಲವನ್ನೂ ಮೂರು ‘ತಾಳುವರ್ಷ’ಗಳನ್ನೂ ಕೊಡುತ್ತದೆ. ಕಬ್ಬು ಕಡಿದ ಮೇಲೆ ಉಳಿಯುವ ಒಣಗರಿಯನ್ನು, ಅಂದರೆ ರವದಿಯನ್ನು, ಸುಡದೆ ಹೊಲಕ್ಕೇ ಹೊದಿಸಬೇಕು. ಮಣ್ಣು ತಂಪಾಗಿ ನೀರು ಹಿಡಿಯಲು ಅಷ್ಟು ಕಾಲ ಬೇಕು. ಅಲ್ಲಿಯವರೆಗೆ ಬೆಳೆ ಕಡಿಮೆ ಬಂದರೂ ಊರು ತಾಳಿಕೊಳ್ಳಬೇಕು, ಅವರ ಮನೆಗೆ ಜೋಳ ಕೊಡಬೇಕು. ಒಬ್ಬೊಬ್ಬರ ಬೆನ್ನಿಗೂ ಒಬ್ಬ ಹಿರಿಯರು ‘ತಾಳುಗಾರ’ರಾಗಿ ನಿಲ್ಲುತ್ತಾರೆ. ಅವರಿಗೆ ಹೆಚ್ಚಿನ ಕೆಲಸವೇನಿಲ್ಲ. ಆಡಿಕೊಳ್ಳುವವರ ಬಾಯಿ ಮುಚ್ಚಿಸಬೇಕು, ತಾವು ಕೈ ಹಾಕದೆ ಇರಬೇಕು. ಹೊಳೆವ್ವ ಎಂಬ ಇಪ್ಪತ್ತೆರಡರ ಹುಡುಗಿಗೆ ನಾನು ತಾಳುಗಾರ್ತಿಯಾಗಿದ್ದೆ.

ಮೂರನೆಯ ವರ್ಷದ ಕೊನೆಗೆ ಮಣ್ಣು ನೋಡುವವರು ಬರುತ್ತಾರೆ. ಅವರು ಒಪ್ಪಿದರೆ ಹೊಲ ಅವಳದೇ. ಅದರ ಹಿಂದಿನ ದಿನ ಹೊಳೆವ್ವ ಅಕ್ಕನ ಕೂಸು ನೋಡಲು ಹೋಗಿದ್ದಳು. ನಾನು ಬದುವಿನ ಮೇಲೆ ನಿಂತು ನೋಡಿದೆ. ಎಲ್ಲೆಲ್ಲೂ ಕೊಳೆಯುತ್ತಿರುವ ರವದಿ, ನಡುನಡುವೆ ಅಲಸಂದಿ ಬಳ್ಳಿ, ಹುಳುಹುಪ್ಪಟೆ. ನಾಳೆ ಬರುವವರು ಏನೆಂದಾರು ಎಂದು ನನಗೇ ನಾಚಿಕೆಯಾಯಿತು. ನಮ್ಮ ಗೋಡೆಯ ಮೇಲಿರುವ ನಿಮ್ಮ ಫೋಟೋ ನೆನಪಾಯಿತು, ಆಯಿ. ಒಂದು ಎಲೆಯೂ ಬಿದ್ದಿರದ ಹೊಲ, ಹಿಂದೆ ರವದಿ ಸುಟ್ಟ ಹೊಗೆ, ನಿಮ್ಮ ಮುಖದಲ್ಲಿ ಹೆಮ್ಮೆ. ಹೆಣ್ಣು ನೋಡಲು ಬರುವವರಿದ್ದಾರೆಂದು ಮನೆ ಗುಡಿಸಿದ ಹಾಗೆ, ನಾಲ್ಕು ಜನರನ್ನು ಕೂಡಿಸಿಕೊಂಡು ಆ ಹೊಲ ಗುಡಿಸಿದೆ. ರಾಶಿಗೆ ಕಡ್ಡಿ ಗೀರಿದವಳೂ ನಾನೇ. ಗಂಟೆ ಬಾರಿಸುವಷ್ಟರಲ್ಲಿ ಅವಳ ಮೂರು ವರ್ಷ ಬೂದಿಯಾಗಿತ್ತು.

ಬರಿಮೈಯಾದ ಮಣ್ಣು ಆ ಒಂದು ದಿನದ ಬಿಸಿಲಿಗೆ ರೊಟ್ಟಿ ಹಂಚಿನಂತಾಯಿತು. ಮಣ್ಣು ನೋಡುವವರು ಕೈ ಊರಿದರು, ಬೆರಳು ಇಳಿಯಲಿಲ್ಲ. ಹೊಲ ಅವಳಿಗೆ ಸಿಗಲಿಲ್ಲ. ಹೊಳೆವ್ವ ಅಳಲಿಲ್ಲ, ಬೈಯಲಿಲ್ಲ. “ಹೊಲಾ ಭಾಳ ಚಂದ ಕಾಣಾಕತ್ತೈತಿ, ಆಯಿ,” ಅಂದಳು. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಅಂದಿನಿಂದ ಅವಳ ಮುಖ ನೋಡುವ ಧೈರ್ಯ ನನಗಾಗಿರಲಿಲ್ಲ.

ನಿನ್ನೆ ಅವಳೇ ಮನೆಗೆ ಬಂದಳು. ಮತ್ತೆ ಮೊದಲಿನಿಂದ ಮೂರು ವರ್ಷ ಶುರು ಮಾಡುತ್ತಾಳಂತೆ, ತಾಳುಗಾರ್ತಿ ನಾನೇ ಆಗಬೇಕಂತೆ. ಬೇರೆ ಯಾರನ್ನಾದರೂ ನೋಡಿಕೋ ಎಂದೆ.

“ಮತ್ಯಾರನ್ನ ನೋಡ್ಲಿ? ಉಳದವ್ರು ಇನ್ನೂ ಸುಟ್ಟಿಲ್ಲ. ಸುಟ್ರ ಏನಾಗತೈತಿ ಅನ್ನೂದು ನಿಮಗ ಗೊತ್ತೈತಿ,” ಅಂದಳು.

ನಿಮ್ಮ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ, ಆಯಿ. ಕಡ್ಡಿ ಗೀರಿದ ಕೈ ನನ್ನದು. ಆದರೆ ನಿಮ್ಮ ಊರಿನಲ್ಲೂ ಎಳೆಯರು ಯಾರಾದರೂ ರವದಿ ಹೊದಿಸಿದ ಹೊಲದ ನಡುವೆ ಒಬ್ಬರೇ ನಿಂತಿರಬಹುದು. ಬದುವಿನ ಮೇಲಿರುವ ನಿಮಗೆ ನಾಚಿಕೆಯಾಗಬಹುದು. ಆಗಲಿ, ಕೈಕಟ್ಟಿ ನಿಂತಿರಿ. ಫೋಟೋ ತೆಗೆಯುವವರು ಬಂದರೆ ಇಳಿದುಹೋಗಿ, ಆ ಎಳೆಯರ ಪಕ್ಕದಲ್ಲಿ, ಆ ಕಸದ ನಡುವೆಯೇ ನಿಂತು ತೆಗೆಸಿಕೊಳ್ಳಿ. ನಮ್ಮ ಗೋಡೆಯ ಮೇಲೆ ಅದಿರಲಿ.

ನಿಮ್ಮ,
ಬಾಳವ್ವ